ಮೀನಖಂಡ

ಕಾಲಿನ ಹಿಂಬದಿಯಲ್ಲಿ, ಮೊಣಕಾಲಿನ ಮಡಿಕೆಗೂ ಹಿಮ್ಮಡಿಗೂ ನಡುವೆ ಉಬ್ಬಿ ನಿಂತಿರುವ ಮಾಂಸಕ್ಕೆ ಕನ್ನಡದಲ್ಲಿ ಮೀನಖಂಡವೆಂದು ಹೆಸರು. ಈ ಹೆಸರನ್ನು ಮೊದಲು ಆಡಿದ ಪುಣ್ಯಾತ್ಮ ಯಾರೋ ತಿಳಿಯದು. ಕಣ್ಣುಳ್ಳವನೆಂಬುದರಲ್ಲಿ ಮಾತ್ರ ಸಂದೇಹವಿಲ್ಲ. ಮೇಲೆ ದುಂಡಗೆ ದಪ್ಪವಾಗಿದ್ದು, ಕೆಳಕ್ಕೆ ಬರುಬರುತ್ತ ಬಾಲದಂತೆ ಸಣ್ಣಗಾಗುವ ಆ ಮಾಂಸ ನಡೆಯುವಾಗ ಚರ್ಮದ ಕೆಳಗೆ ಮಿಸುಕುವುದನ್ನು ಕಂಡವನಿಗೆ ನೀರೊಳಗಿನ ಮೀನು ನೆನಪಾದುದು ಸಹಜವೇ. ಗ್ರೀಕರು ಅದನ್ನು ‘ಕಾಲಿನ ಹೊಟ್ಟೆ’ ಎಂದರು. ವೈದ್ಯರು ಬಳಸುವ ಗ್ಯಾಸ್ಟ್ರಾಕ್ನೀಮಿಯಸ್ ಎಂಬ ಶಬ್ದದ ಅರ್ಥ ಅದೇ. ಅದರ ಅಡಿಯಲ್ಲಿ ಚಪ್ಪಟೆಯಾಗಿ ಮಲಗಿರುವ ಇನ್ನೊಂದು ಸ್ನಾಯುವಿಗೆ ಸೋಲಿಯಸ್ ಎಂದು ಹೆಸರು. ಲ್ಯಾಟಿನ್ನಿನ ಸೋಲಿಯ ಎಂಬ ಮಾತಿಗೆ ಪಾದರಕ್ಷೆಯೆಂಬ ಅರ್ಥವೂ ಉಂಟು, ಚಪ್ಪಟೆ ಮೀನೆಂಬ ಅರ್ಥವೂ ಉಂಟು. ಸಾವಿರಾರು ಹರದಾರಿ ದೂರದ ಎರಡು ಭಾಷೆಗಳು ಮನುಷ್ಯನ ಕಾಲಿನಲ್ಲಿ ಒಂದೇ ಪ್ರಾಣಿಯನ್ನು ಕಂಡುವೆಂದರೆ ಸೋಜಿಗವಲ್ಲವೇ?

ಹೆಸರಿನಲ್ಲಿ ಇಷ್ಟು ಚೆಲುವಿದ್ದರೂ ಈ ಮೀನುಗಳ ಬಾಳು ಬರಿಯ ದುಡಿಮೆಯದು. ಮೇಲಿನದು ತೊಡೆಯೆಲುಬಿನ ಕೆಳತುದಿಯಿಂದ ಎರಡು ತಲೆಗಳಾಗಿ ಹೊರಟು, ಕೆಳಗಿನದರೊಡನೆ ಕೂಡಿ, ಒಂದೇ ಹುರಿಯಾಗಿ ಹಿಮ್ಮಡಿಯ ಎಲುಬಿಗೆ ಬಿಗಿದುಕೊಳ್ಳುತ್ತದೆ. ಆ ಹುರಿಗೆ ಅಕಿಲೀಸನ ಹೆಸರು. ಮೈಯೆಲ್ಲ ವಜ್ರವಾಗಿದ್ದ ಆ ಗ್ರೀಕ್ ವೀರ ಹಿಮ್ಮಡಿಗೆ ಬಾಣ ತಗುಲಿ ಮಡಿದನೆಂದು ಕಥೆ. ನಮ್ಮ ಶ್ರೀಕೃಷ್ಣನ ಅವತಾರ ಮುಗಿದುದೂ ಜರನೆಂಬ ಬೇಡನ ಬಾಣ ಪಾದಕ್ಕೆ ನಟ್ಟು. ಪುರಾಣಕಾರರಿಗೂ ಮನುಷ್ಯನ ಅಳಿವು ಎಲ್ಲಿ ಅಡಗಿದೆಯೆಂಬುದು ತಿಳಿದಿತ್ತು.

ನಿಂತಾಗ ಮೈ ಮುಂದಕ್ಕೆ ವಾಲದಂತೆ ಹಿಡಿದಿರುವುದು ಒಳಗಿನ ಸ್ನಾಯು. ನೆಗೆಯುವಾಗ, ಏರು ಹತ್ತುವಾಗ, ಥಟ್ಟನೆ ವೇಗ ಹೆಚ್ಚಿಸುವಾಗ ಮುಂದೆ ಬರುವುದು ಹೊರಗಿನದು. ಓಟದಲ್ಲಿ ಒಂದೊಂದು ಹೆಜ್ಜೆಗೂ ಇವೆರಡೂ ಸೇರಿ ದೇಹದ ತೂಕದ ಹಲವು ಪಟ್ಟು ಭಾರವನ್ನು ತಾಳಬೇಕು. ಮ್ಯಾರಥಾನ್ ಓಟದ ದೂರ ೪೨.೧೯೫ ಕಿಲೋಮೀಟರು; ಸಾಮಾನ್ಯ ಓಟಗಾರನಿಗೆ ಅದು ಸುಮಾರು ೪೦ ಸಾವಿರ ಹೆಜ್ಜೆ. ಇಷ್ಟು ಸಾಲದೆಂಬಂತೆ, ಕಾಲಿಗಿಳಿದ ರಕ್ತವನ್ನು ಹಿಂಡಿ ಮೇಲಕ್ಕೆ ತಳ್ಳುವ ಕೆಲಸವೂ ಇವುಗಳದೇ. ಮೀನಖಂಡವನ್ನು ‘ಎರಡನೆಯ ಹೃದಯ’ವೆಂದು ಬಲ್ಲವರು ಕರೆಯುವುದು ಇದಕ್ಕಾಗಿಯೇ.

ಮೈಸೂರಿನ ಗೃಹಸ್ಥನೊಬ್ಬನಿಗೆ ಈ ಎರಡನೆಯ ಹೃದಯದ ಪರಿಚಯವಾದುದು ೪೪ನೆಯ ವಯಸ್ಸಿನಲ್ಲಿ. ಮೂರು ವರ್ಷದ ಹಿಂದೆ ಕುಕ್ಕರಹಳ್ಳಿ ಕೆರೆಯ ಸುತ್ತ ನಡೆಯತೊಡಗಿದವನು ಆತ. ನಡಿಗೆ ಬಿರುಸಾಯಿತು, ಬಿರುಸು ಓಟವಾಯಿತು. ಒಂದು ವರ್ಷ ಹತ್ತು ಕಿಲೋಮೀಟರು, ಮರುವರ್ಷ ಅರ್ಧ ಮ್ಯಾರಥಾನು. ಈ ವರ್ಷ ಪೂರ್ಣ ಓಟವೇ ಆಗಬೇಕೆಂದು ಹಣ ಕಟ್ಟಿ ಹೆಸರು ಬರೆಸಿದ್ದ. ವಾರವಾರವೂ ದೂರ ಏರುತ್ತಿತ್ತು. ಭಾನುವಾರದ ೨೬ ಕಿಲೋಮೀಟರು ಸುಸೂತ್ರವಾಗಿ ಮುಗಿದ ಹುರುಪಿನಲ್ಲಿ, ನಡುವೆ ಒಂದೇ ದಿನ ಬಿಟ್ಟು, ಚಾಮುಂಡಿ ಬೆಟ್ಟದ ಏರುದಾರಿಯಲ್ಲಿ ಕಾಲನ್ನು ಗಟ್ಟಿ ಮಾಡಿಕೊಳ್ಳಲು ಹೊರಟ. ಮೂರನೆಯ ತಿರುವಿನಲ್ಲಿ ಯಾರೋ ಹಿಂದಿನಿಂದ ಎಡಗಾಲಿಗೆ ಕಲ್ಲು ಬೀಸಿದಂತಾಯಿತು. ಆತ ಸಿಟ್ಟಿನಿಂದ ಹಿಂದಿರುಗಿ ನೋಡಿದ. ದಾರಿ ಬರಿದಾಗಿತ್ತು. ಮೀನಖಂಡ ಹರಿದವರಲ್ಲಿ ಬಹುಮಂದಿ ಹೀಗೆಯೇ ಹಿಂದಿರುಗಿ ನೋಡುತ್ತಾರಂತೆ. ಹೊಡೆದವರು ಹೊರಗೆಲ್ಲೂ ಸಿಕ್ಕುವುದಿಲ್ಲ.

ಕುಂಟುತ್ತ ಮನೆಗೆ ಬಂದವನಿಗೆ ಮಧ್ಯಾಹ್ನದೊಳಗೆ ಅರ್ಧ ಬೀದಿಯ ವೈದ್ಯೋಪದೇಶ ದೊರೆಯಿತು. ಎದುರುಮನೆಯವರು ಹರಳೆಣ್ಣೆ ಹಚ್ಚಿ ಬಲವಾಗಿ ನೀವಿಸಬೇಕೆಂದರು. ಹಾಲಿನವನು ತನ್ನ ಹಳ್ಳಿಯಲ್ಲಿ ಉಳುಕು ತೆಗೆಯುವ ಅಜ್ಜನೊಬ್ಬನಿದ್ದಾನೆಂದೂ ಒಂದೇ ಎಳೆತಕ್ಕೆ ಕಾಲು ನೆಟ್ಟಗಾಗುವುದೆಂದೂ ಭರವಸೆ ಕೊಟ್ಟನು. ಬಿಸಿ ಉಪ್ಪಿನ ಶಾಖವೆಂದರೊಬ್ಬರು, ಮಂಜುಗಡ್ಡೆಯೆಂದರಿನ್ನೊಬ್ಬರು. ಓಟದ ಗೆಳೆಯರು, “ಎರಡು ದಿನ ಬಿಟ್ಟು ಮೆಲ್ಲಗೆ ಓಡಿ ಸಾರ್, ಓಡುತ್ತಾ ಓಡುತ್ತಾ ಸರಿಹೋಗುತ್ತೆ” ಎಂದರು. ಎಲ್ಲವನ್ನೂ ಕೇಳುತ್ತ ಕುಳಿತಿದ್ದ ಆತನ ವೃದ್ಧ ತಾಯಿ ಮಾತ್ರ ಒಂದೇ ಪ್ರಶ್ನೆ ಹಾಕಿದರು: “ಅಲ್ಲಪ್ಪಾ, ಹಾಗೆ ಓಡೋದಕ್ಕೆ ನಿನ್ನನ್ನು ಯಾರು ಅಟ್ಟಿಸಿಕೊಂಡು ಬಂದಿದ್ದರು?”

ಅಟ್ಟಿಸಿಕೊಂಡು ಬಂದವರು ಯಾರೆಂಬುದು ಆ ತಾಯಿಗೆ ತಿಳಿಯದ ಸಂಗತಿಯಲ್ಲ. ಆತನ ತಂದೆ ೫೧ನೆಯ ವರ್ಷದಲ್ಲಿ, ಕಚೇರಿಯಿಂದ ಬಂದು ಕಾಫಿಯ ಲೋಟ ಕೈಯಲ್ಲಿ ಹಿಡಿದಿದ್ದಂತೆಯೇ ಎದೆ ನೋವೆಂದು ಒರಗಿದವರು ಮತ್ತೆ ಏಳಲಿಲ್ಲ. ಅವರು ಒರಗಿದ ಬೆತ್ತದ ಕುರ್ಚಿ ಈಗಲೂ ನಡುಮನೆಯಲ್ಲಿದೆ. ಮಗ ಓಡುತ್ತಿದ್ದುದು ಪದಕಕ್ಕಲ್ಲ; ಆ ಕುರ್ಚಿಯಿಂದ ದೂರಕ್ಕೆ. ಈಗ ಕಾಲನ್ನು ಎತ್ತರಕ್ಕಿಟ್ಟು ಕುಳಿತಿರಬೇಕೆಂದಾಗ ಮನೆಯಲ್ಲಿ ಅದಕ್ಕೆ ಒದಗಿದ ಆಸನ ಅದೊಂದೇ.

ಮರುದಿನ ನೋಡಿದ ವೈದ್ಯರು ಮೊದಲು ಕೇಳಿದುದು ಓಟದ ಮಾತನ್ನಲ್ಲ. ಕಾಲು ಕೆಂಪಗೆ ಬಿಸಿಯಾಗಿದೆಯೇ, ದೂರ ಪ್ರಯಾಣ ಮಾಡಿದ್ದುಂಟೇ, ಉಸಿರು ಕಟ್ಟುತ್ತದೆಯೇ ಎಂದು ವಿಚಾರಿಸಿದರು. ಮೀನಖಂಡದ ನೋವೆಲ್ಲ ಸ್ನಾಯುವಿನ ನೋವಲ್ಲ. ಆಳದ ರಕ್ತನಾಳದಲ್ಲಿ ಹೆಪ್ಪುಗಟ್ಟಿದರೂ ಅಲ್ಲಿಯೇ ನೋಯುತ್ತದೆ, ಅಲ್ಲಿಯೇ ಊದಿಕೊಳ್ಳುತ್ತದೆ. ಆ ಹೆಪ್ಪು ಜಾರಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯ. ಅಂಥ ಕಾಲನ್ನು ಎಣ್ಣೆ ಹಚ್ಚಿ ನೀವಿದರೆ ಗತಿಯೇನು? ಸ್ನಾಯು ಹರಿದಿದ್ದರೂ ಮೊದಲ ದಿನಗಳಲ್ಲಿ ಬಲವಾಗಿ ತಿಕ್ಕುವುದು ಒಳಗಿನ ರಕ್ತಸ್ರಾವವನ್ನು ಹೆಚ್ಚಿಸುವ ದಾರಿಯೇ. ಪರೀಕ್ಷೆ ಮುಗಿದ ಮೇಲೆ ಹೆಪ್ಪಿಲ್ಲವೆಂದೂ, ಒಳಬದಿಯ ತಲೆಯಲ್ಲಿ ಎಳೆಗಳು ಹರಿದಿವೆಯೆಂದೂ, ಮೂರು ದರ್ಜೆಗಳಲ್ಲಿ ಇದು ಎರಡನೆಯದೆಂದೂ ತಿಳಿಸಿದರು. ಓಟಕ್ಕೆ ಉಳಿದಿದ್ದುದು ಒಂಬತ್ತು ವಾರ. “ಆರರಿಂದ ಎಂಟು ವಾರ ಹಿಡಿಯಬಹುದು” ಎಂದರು ವೈದ್ಯರು. ಆತ ಮನಸ್ಸಿನಲ್ಲೇ ಕಳೆಯುವ ಲೆಕ್ಕ ಮಾಡಿ, ಆರನ್ನು ಮಾತ್ರ ಕೇಳಿಸಿಕೊಂಡು ಮನೆಗೆ ಬಂದ.

ಮಂಜುಗಡ್ಡೆಯ ವಿಷಯದಲ್ಲಿ ಒಂದು ಮಾತು ಹೇಳಬೇಕು. ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ ೧೯೭೮ರಲ್ಲಿ ಇಂಥ ಗಾಯಗಳಿಗೆ ನಾಲ್ಕು ಉಪಾಯಗಳ ಸೂತ್ರವೊಂದನ್ನು ಕೊಟ್ಟರು: ವಿಶ್ರಾಂತಿ, ಮಂಜುಗಡ್ಡೆ, ಒತ್ತುಕಟ್ಟು, ಕಾಲನ್ನು ಎತ್ತರಕ್ಕಿಡುವುದು. ಇಂಗ್ಲಿಷಿನಲ್ಲಿ ನಾಲ್ಕರ ಮೊದಲಕ್ಷರಗಳನ್ನು ಕೂಡಿಸಿದರೆ ‘ರೈಸ್’, ಎಂದರೆ ಅಕ್ಕಿ, ಆಗುತ್ತದೆ. ಹೇಳಲು ಸುಲಭ, ಮರೆಯಲು ಕಷ್ಟ. ಸೂತ್ರ ಲೋಕವನ್ನೇ ಸುತ್ತಿತು. ೨೦೧೪ರಲ್ಲಿ ಅದೇ ಮಿರ್ಕಿನ್ನರು, ಮಂಜುಗಡ್ಡೆಯೂ ಸಂಪೂರ್ಣ ವಿಶ್ರಾಂತಿಯೂ ಗಾಯ ಮಾಯುವುದನ್ನು ತಡಮಾಡಬಹುದೆಂದು ತಮ್ಮ ಮಾತನ್ನು ತಾವೇ ತಿದ್ದಿಕೊಂಡರು. ಊತವೆಂಬುದು ಬರಿಯ ಶತ್ರುವಲ್ಲ. ಕಸವನ್ನು ಗುಡಿಸಿ, ದುರಸ್ತಿಗೆ ಅಡಿಪಾಯ ಹಾಕುವ ಕಣಗಳು ಬರುವುದು ಆ ಊತದೊಡನೆಯೇ. ನೋವನ್ನು ತಗ್ಗಿಸಲು ಮಂಜುಗಡ್ಡೆ ಒದಗೀತು. ಗಾಯವನ್ನು ಮಾಯಿಸುವ ಮದ್ದು ಅದಲ್ಲ.

ಹರಿದ ಸ್ನಾಯು ಕೂಡಿಕೊಳ್ಳುವ ಬಗೆ ನೇಕಾರನ ಕೆಲಸದಂತೆ. ಮೊದಲ ಕೆಲವು ದಿನ ಹರಿದ ಎಳೆಗಳನ್ನು ತೆಗೆದು ಜಾಗ ಚೊಕ್ಕಟ ಮಾಡುವುದು. ಆಮೇಲೆ ವಾರಗಟ್ಟಲೆ ಹೊಸ ಎಳೆ ಹಾಸುವುದು. ಅನಂತರ ತಿಂಗಳುಗಟ್ಟಲೆ ಆ ಎಳೆಗಳನ್ನು ಬಿಗಿದು ಒಂದೇ ದಿಕ್ಕಿಗೆ ನಿಲ್ಲಿಸುವುದು. ನೋವು ಬಹುಪಾಲು ಮೊದಲ ಹಂತದ ಸಂಗಾತಿ. ಮಗ್ಗದ ಮೇಲೆ ನೇಯ್ಗೆ ಇನ್ನೂ ಅರ್ಧವಾಗಿರುವಾಗಲೇ ಅದು ಹೇಳದೆ ಕೇಳದೆ ಹೊರಟುಹೋಗುತ್ತದೆ. ಓಟಗಾರರು ಕೆಡುವುದು ಇಲ್ಲಿಯೇ. ನೋವು ಹೋದ ದಿನಕ್ಕೂ ಬಲ ಬರುವ ದಿನಕ್ಕೂ ನಡುವೆ ಒಂದು ಬಯಲುಂಟು. ನೋಡಲು ಅದು ಸಮತಟ್ಟಾಗಿಯೇ ಕಾಣುತ್ತದೆ. ಮೀನಖಂಡ ಒಮ್ಮೆ ಹರಿದವನಿಗೆ ಮತ್ತೊಮ್ಮೆ ಹರಿಯುವ ಸಂಭವ ಹೆಚ್ಚು. ವಯಸ್ಸಾದಂತೆ ಇನ್ನೂ ಹೆಚ್ಚು.

ಮೊದಲ ವಾರಗಳು ಆತನಿಗೆ ದೀರ್ಘವಾಗಿದ್ದುವು. ರಾತ್ರಿ ಎದೆಯ ಬಡಿತ ತಾನಾಗಿ ಕೇಳಿಸುತ್ತಿತ್ತು. ಓಡುತ್ತಿದ್ದಾಗ ಅದೇ ಬಡಿತ ಜೊತೆಗಾರನ ಹೆಜ್ಜೆಯಂತೆ ಧೈರ್ಯ ಕೊಡುತ್ತಿತ್ತು. ಬೆತ್ತದ ಕುರ್ಚಿಯಲ್ಲಿ ಕೇಳಿದಾಗ ಬಾಗಿಲು ತಟ್ಟಿದಂತಿತ್ತು. ಮೂರು ವರ್ಷದ ದುಡಿಮೆ ಮೂರು ವಾರದಲ್ಲಿ ಕರಗಿಹೋಗುವುದೆಂಬ ಭಯ ಬೇರೆ. ಈ ಭಯಕ್ಕೆ ಮದ್ದು ದೊರೆತುದು ಈಜುಕೊಳದಲ್ಲಿ. ಕಾಲಿಗೆ ಹೊರೆಯಿಲ್ಲದೆ ಹೃದಯಕ್ಕೆ ಕೆಲಸ ಕೊಡಲು ನೀರೂ ನಿಂತಲ್ಲೇ ತುಳಿಯುವ ಸೈಕಲೂ ಸಾಕೆಂದು ವೈದ್ಯರು ಹೇಳಿಕೊಟ್ಟರು. ಮೀನಖಂಡಕ್ಕೆ ನೀರು ಒಗ್ಗಿದುದರಲ್ಲಿ ಆಶ್ಚರ್ಯವೇನು?

ಮನೆಯಲ್ಲಿ ಮೆಟ್ಟಿಲಿನ ವ್ಯಾಯಾಮ ಶುರುವಾಯಿತು. ಗೋಡೆಗೆ ಕೈಯೂರಿ, ಎರಡು ಪಾದಗಳ ಮೇಲೂ ಹಿಮ್ಮಡಿಯೆತ್ತಿ ಮೆಲ್ಲಗೆ ಇಳಿಸುವುದು. ಮೊಣಕಾಲು ನೆಟ್ಟಗಿಟ್ಟು ಒಂದು ಸಲ, ಒಳಗಿನ ಮೀನಿಗೆ ಪಾಲು ಸಲ್ಲಲೆಂದು ಬಾಗಿಸಿ ಇನ್ನೊಂದು ಸಲ. ಇಷ್ಟರಲ್ಲಿ ಏನು ಮಹಾ ಇದೆಯೆಂದು ಬೆಟ್ಟ ಹತ್ತಿದವನಿಗೆ ಅನಿಸದಿರದು. ಆದರೆ ಹೊಸ ಎಳೆಗಳು ದಿಕ್ಕು ಹಿಡಿಯುವುದು ಹದವಾದ ಹೊರೆಯಿಂದಲೇ. ಕುಳಿತೇ ಇದ್ದರೆ ಅವು ಅಡ್ಡಾದಿಡ್ಡಿಯಾಗಿ ಗಂಟುಕಟ್ಟಿಕೊಳ್ಳುತ್ತವೆ. ಅತಿಯಾದ ಓಟದಷ್ಟೇ ಅತಿಯಾದ ವಿಶ್ರಾಂತಿಯೂ ವೈರಿ.

ನಾಲ್ಕನೆಯ ವಾರ ನೋವು ಮಾಯವಾಯಿತು. ಅದೇ ವಾರ ಗೆಳೆಯನೊಬ್ಬ ಹುರಿದುಂಬಿಸಲೆಂದು ಹೈಲೆ ಗೆಬ್ರೆಸೆಲಾಸಿಯ ಕಥೆ ಹೇಳಿದ. ಇಥಿಯೋಪಿಯದ ಆ ಓಟಗಾರ ೨೦೦೮ರ ಸೆಪ್ಟೆಂಬರ್ ೨೮ರಂದು ಬರ್ಲಿನ್ ಮ್ಯಾರಥಾನನ್ನು ೨ ಗಂಟೆ ೩ ನಿಮಿಷ ೫೯ ಸೆಕೆಂಡುಗಳಲ್ಲಿ ಮುಗಿಸಿ, ತನ್ನದೇ ವಿಶ್ವದಾಖಲೆಯನ್ನು ಮುರಿದನು. ೨ ಗಂಟೆ ೪ ನಿಮಿಷದೊಳಗೆ ಆ ದೂರ ಓಡಿದವರಲ್ಲಿ ಆತನೇ ಮೊದಲಿಗ. ಅದಕ್ಕೆ ಕೆಲವೇ ದಿನ ಮುಂಚೆ ಆತನನ್ನೂ ಮೀನಖಂಡವೇ ಕಾಡಿತ್ತು. “ನೋಡಿ ಸಾರ್, ಮನಸ್ಸು ಗಟ್ಟಿಯಿದ್ದರೆ ಕಾಲು ಏನು ಮಾಡುತ್ತೆ?” ಎಂದ ಗೆಳೆಯ. ಕಥೆ ನಿಜ, ಅದರಿಂದ ತೆಗೆದ ನೀತಿ ಮಾತ್ರ ತಿರುಗುಮುರುಗು. ಗೆಬ್ರೆಸೆಲಾಸಿಗೆ ಬಂದಿದ್ದುದು ಸೆಳೆತ, ಸೀಳಲ್ಲ. ಅಷ್ಟಕ್ಕೇ ಆತ, ದಾಖಲೆಯ ಹೊಸ್ತಿಲಲ್ಲಿ ನಿಂತಿದ್ದೂ, ಅಭ್ಯಾಸವನ್ನು ನಿಲ್ಲಿಸಿದ. ಓಡಿದ್ದನ್ನು ಲೋಕ ನೆನೆಯಿತು, ನಿಲ್ಲಿಸಿದ್ದನ್ನು ಮರೆಯಿತು.

ಗೃಹಸ್ಥ ಆ ಸಂಜೆ ಬೂಟಿನ ದಾರ ಕಟ್ಟಿದ್ದುಂಟು. ಹೊಸ್ತಿಲು ದಾಟುವ ಮೊದಲು ಮೆಟ್ಟಿಲ ಬಳಿ ನಿಂತು, ವೈದ್ಯರು ಹೇಳಿದ್ದ ಪರೀಕ್ಷೆಯನ್ನು ಮಾಡಿ ನೋಡಿದ. ಒಂಟಿ ಬಲಗಾಲಿನ ಮೇಲೆ ಹಿಮ್ಮಡಿಯೆತ್ತಿದುದು ೨೫ ಸಲ. ಎಡಗಾಲಿನ ಮೇಲೆ ಒಂಬತ್ತು. ಹತ್ತನೆಯದಕ್ಕೆ ಹಿಮ್ಮಡಿ ನೆಲ ಬಿಟ್ಟು ಏಳಲೇ ಇಲ್ಲ. ನೋವಿರಲಿಲ್ಲ, ಕಾಲು ಸುಮ್ಮನೆ ಒಲ್ಲೆನೆಂದಿತು. ಆತ ಬೂಟು ಬಿಚ್ಚಿ ಬೆತ್ತದ ಕುರ್ಚಿಯಲ್ಲಿ ಕುಳಿತ. ತಾಯಿ ಕಾಫಿ ತಂದುಕೊಟ್ಟು, ಲೋಟ ಖಾಲಿಯಾಗುವವರೆಗೂ ಅಲ್ಲಿಯೇ ನಿಂತಿದ್ದರು.

ಐದನೆಯ ವಾರ ಎಡಗಾಲಿಗೆ ೧೫. ಆರನೆಯ ವಾರ ೨೦. ಏಳನೆಯ ವಾರದಲ್ಲಿ ೨೫ ತಲುಪಿದಾಗ ಕೆರೆಯ ಏರಿಯ ಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಹೀಗೆ ಎಂಟು ಆವೃತ್ತಿ. ನೀರಿನ ನಡುವಿನ ಮರಗಳ ಮೇಲೆ ಕುಳಿತ ಹೆಜ್ಜಾರ್ಲೆಗಳನ್ನು ಆತ ಮೂರು ವರ್ಷದಲ್ಲಿ ಮೊದಲ ಬಾರಿಗೆ ನಿಂತು ನೋಡಿದ. ಪೂರ್ಣ ಓಟ ಈ ವರ್ಷಕ್ಕಿಲ್ಲವೆಂದು ಆ ಬೆಳಗ್ಗೆಯೇ ವ್ಯವಸ್ಥಾಪಕರಿಗೆ ತಿಳಿಸಿ, ಬೇರೊಂದು ಕೆಲಸ ಕೇಳಿ ಪಡೆದ.

ಓಟದ ದಿನ ಆತ ೩೦ನೆಯ ಕಿಲೋಮೀಟರಿನ ನೀರಿನ ಮೇಜಿನ ಬಳಿ ನಿಂತಿದ್ದ. ಬಿಸಿಲು ಏರಿದ ಮೇಲೆ ಬಂದ ಯುವಕನೊಬ್ಬ ಥಟ್ಟನೆ ನಿಂತು ಹಿಂದಿರುಗಿ ನೋಡಿದ. ಬಗ್ಗಿ ಕಾಲು ಹಿಡಿದುಕೊಂಡ. ಗೃಹಸ್ಥ ಹೋಗಿ ಆತನನ್ನು ಕೈಹಿಡಿದು ತಂದು, ಕುರ್ಚಿಯೊಂದನ್ನು ಎಳೆದು ಕೂಡಿಸಿದ.

“ಇನ್ನು ಹನ್ನೆರಡೇ ಕಿಲೋಮೀಟರು ಸಾರ್” ಎಂದ ಯುವಕ.

“ಮುಂದಿನ ವರ್ಷವೂ ಅಷ್ಟೇ ಇರುತ್ತೆ. ಕೂತುಕೊಳ್ಳಿ. ಮೊದಲು ಡಾಕ್ಟರಿಗೆ ತೋರಿಸಿ.”

“ಸರಿಹೋಗೋದಕ್ಕೆ ಎಷ್ಟು ದಿನ ಬೇಕಾಗುತ್ತೆ?”

“ನೋವು ಹೋದಮೇಲೆ ಇನ್ನೂ ಒಂದು ತಿಂಗಳು ಅಂತ ಇಟ್ಟುಕೊಳ್ಳಿ.”

ಯುವಕ ಅದನ್ನು ಹಾಸ್ಯವೆಂದು ತಿಳಿದು ನಕ್ಕನು. ಗೃಹಸ್ಥ ನಗಲಿಲ್ಲ, ಆತನ ಕಾಲನ್ನೆತ್ತಿ ನೀರಿನ ಪೆಟ್ಟಿಗೆಯೊಂದರ ಮೇಲಿಟ್ಟು, ಇನ್ನೊಂದು ಲೋಟ ನೀರು ಕೊಟ್ಟನು.