ಉಳಿದ ಬೊಜ್ಜು

ಮನುಷ್ಯನು ತನ್ನ ದೇಹದೊಡನೆ ಮಾಡಿಕೊಂಡ ಕರಾರಿಗೆ ಹೊಟ್ಟೆಯು ಸಹಿ ಹಾಕುವದು ತೀರ ವಿರಳ. ಉಣಿಸು ಕಡಿಮೆಯಾದೊಡನೆ ಮುಖ ಬಡವಾಗುವದು, ಕೊರಳು ತೆಳ್ಳಗಾಗುವದು, ಬೆರಳಿನ ಉಂಗುರ ಜಾರುವದು. ಹೊಕ್ಕುಳಿನ ಕೆಳಗಣ ಒಂದು ಮಡಿಕೆ ಮಾತ್ರ ಹಳೆಯ ವತನದಾರನಂತೆ ಕದಲದೆ ಕುಳಿತಿರುವದು.

ಧಾರವಾಡದ ಒಬ್ಬ ನಿವೃತ್ತ ಮುಖ್ಯಾಧ್ಯಾಪಕರಿಗೆ ಈ ವತನದಾರನ ನಿಜವಾದ ಪರಿಚಯವಾದುದು ಅರುವತ್ತೊಂದನೆಯ ವಯಸ್ಸಿನಲ್ಲಿ. ರಕ್ತದಲ್ಲಿ ಸಕ್ಕರೆಯು ಎಲ್ಲೆಯ ಅಂಚಿಗೆ ಬಂದಿದೆಯೆಂದು ವೈದ್ಯರು ಹೇಳಿದ ದಿನದಿಂದ ಅವರು ಪೇಡೆಯನ್ನು ಬಿಟ್ಟರು, ರಾತ್ರಿಯ ಅನ್ನವನ್ನು ಬಿಟ್ಟರು, ಬೆಳಗಿನ ಚಳಿಯಲ್ಲಿ ಸಾಧನಕೇರಿಯವರೆಗೆ ನಡೆದು ಬಂದರು. ಹದಿನಾಲ್ಕು ತಿಂಗಳಲ್ಲಿ ೭೮ ಕಿಲೋ ಇದ್ದ ತೂಕವು ೬೪ಕ್ಕೆ ಇಳಿಯಿತು. ೧೬೮ ಸೆಂಟಿಮೀಟರು ಎತ್ತರದವರಿಗೆ ಇದು ತಕ್ಕ ತೂಕವೇ ಸರಿ. ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿ ಬರುವ ಸೂಚ್ಯಂಕವು ನಮ್ಮ ದೇಶದವರಿಗೆ ೨೩ರ ಒಳಗಿರಬೇಕೆನ್ನುವರು, ಅವರದು ೨೨.೭. ಆದರೆ ಅಳತೆಯ ಪಟ್ಟಿಯನ್ನು ನಡುವಿಗೆ ಸುತ್ತಿದಾಗ ೯೪ ಸೆಂಟಿಮೀಟರು ಬಂದಿತು. ಭಾರತದ ಗಂಡಸರಿಗೆ ಹಾಕಿದ ಮಿತಿ ೯೦.

ಸಕ್ಕರೆಯ ಬೇನೆಯಲ್ಲಿ ತಂದೆಯು ಒಂದು ಕಾಲನ್ನು ಕಳೆದುಕೊಂಡು ತೀರಿಕೊಂಡದ್ದನ್ನು ಕಣ್ಣಾರೆ ಕಂಡವರು ಆ ನಾಲ್ಕು ಸೆಂಟಿಮೀಟರನ್ನು ಲಘುವಾಗಿ ಎಣಿಸುವದು ಹೇಗೆ? ಅವರು ಇನ್ನಷ್ಟು ಉಪವಾಸಕ್ಕೆ ಇಳಿದರು. ಬೆಳಗಿನಲ್ಲಿ ಚಾಪೆಯ ಮೇಲೆ ಅಂಗಾತ ಮಲಗಿ ಏಳುವ ವ್ಯಾಯಾಮವನ್ನು ನೂರು ಸಲ, ಬಳಿಕ ಇನ್ನೂರು ಸಲ ಮಾಡಿದರು. ತೂಕವು ೬೦ಕ್ಕೆ ಬಂದಿತು. ನಡು ೯೨ರಲ್ಲಿ ನಿಂತಿತು.

“ಇನ್ನ ಎಷ್ಟ ಇಳಸ್ತೀರಿ? ಅಂಗಿ ಗೂಟಕ್ಕ ತೂಗ ಹಾಕಿದ್ಹಾಂಗ ಕಾಣಸ್ತದ” ಎಂದು ಮನೆಯವರು ಹೇಳಿದ್ದನ್ನು ಅವರು ಹೆಂಗಸರ ಮರುಕವೆಂದು ತಳ್ಳಿಹಾಕಿದರು. ಆದರೆ ಎರಡು ವರುಷದ ಮೊಮ್ಮಗಳನ್ನು ಎತ್ತಿಕೊಂಡು ಮಾಳಿಗೆಯ ಮೆಟ್ಟಿಲನ್ನು ಏರಹೋದ ದಿವಸ ನಡುವೆಯೇ ತೊಡೆಗಳು ನಡುಗಿ, ಕೂಸನ್ನು ಸೊಸೆಯ ಕೈಗೆ ಕೊಡಬೇಕಾಯಿತು. ಆ ದಿನ ಅವರು ಯಾರೊಡನೆಯೂ ಹೆಚ್ಚು ಮಾತಾಡಲಿಲ್ಲ.

ಹೊಟ್ಟೆಯನ್ನು ಬಗ್ಗಿಸಿದರೆ ಹೊಟ್ಟೆಯ ಕೊಬ್ಬೇ ಕರಗುವದೆಂಬ ನಂಬಿಕೆಯು ಎಷ್ಟು ಸಹಜವೋ ಅಷ್ಟೇ ನಿರಾಧಾರವಾದುದು. ೧೯೮೪ರಲ್ಲಿ ಪ್ರಕಟವಾದ ಒಂದು ಅಮೇರಿಕೆಯ ಪ್ರಯೋಗದಲ್ಲಿ ಕೆಲವು ಗಂಡಸರಿಂದ ೨೭ ದಿನಗಳಲ್ಲಿ ತಲೆಗೆ ೫೦೦೪ ಸಲ ಈ ಏಳುವ ವ್ಯಾಯಾಮವನ್ನು ಮಾಡಿಸಿದರು. ಹೊಟ್ಟೆಯ ಮೇದಸ್ಸಿನ ಕಣಗಳು ಬೆನ್ನಿನ ಕಣಗಳಿಗಿಂತ ಹೆಚ್ಚು ಕುಗ್ಗಲಿಲ್ಲ. ಮೇದಸ್ಸು ರಕ್ತದೊಳಗೆ ಇಳಿದು ಇಡಿಯ ದೇಹಕ್ಕೆ ಹೋಗುವ ದ್ರವ್ಯ. ಯಾವ ಕಣಜದಿಂದ ಮೊದಲು ತೆಗೆಯಬೇಕೆಂಬದನ್ನು ಸ್ನಾಯುವು ನಿಶ್ಚಯಿಸುವದಿಲ್ಲ. ಕರಗಿದ ಮೇಲೆ ಅದರ ಹೆಚ್ಚಿನ ಪಾಲು ಬೆವರಿನಲ್ಲಲ್ಲ, ಉಸಿರಿನಲ್ಲಿ ಹೊರಟುಹೋಗುವದು: ೧೦ ಕಿಲೋ ಮೇದಸ್ಸಿನಲ್ಲಿ ೮.೪ ಕಿಲೋ ಇಂಗಾಲಾಮ್ಲ ವಾಯುವಾಗಿಯೂ ಉಳಿದುದು ನೀರಾಗಿಯೂ ಹೋಗುವದೆಂದು ೨೦೧೪ರಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ. ಕಣಗಳಾದರೋ ಬರಿದಾಗುವವೇ ಹೊರತು ಎಣಿಕೆಯಲ್ಲಿ ಕಡಿಮೆಯಾಗುವದಿಲ್ಲವೆಂದು ೨೦೦೮ರ ಒಂದು ಸ್ವೀಡನ್ನಿನ ಸಂಶೋಧನೆಯು ಕಂಡುಕೊಂಡಿತು.

ತಕ್ಕಡಿಯಂತೂ ಮಾಂಸವನ್ನೂ ಮೇದಸ್ಸನ್ನೂ ಬೇರ್ಪಡಿಸಿ ಹೇಳಲಾರದು. ಪುಣೆಯ ವೈದ್ಯ ಚಿತ್ತರಂಜನ ಯಾಜ್ಞಿಕರೂ ಲಂಡನ್ನಿನ ವೈದ್ಯ ಜಾನ್ ಯುಡ್‌ಕಿನ್ನರೂ ೨೦೦೪ರಲ್ಲಿ ತಮ್ಮಿಬ್ಬರ ಚಿತ್ರವನ್ನೇ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅಚ್ಚುಹಾಕಿಸಿದರು. ಇಬ್ಬರ ಸೂಚ್ಯಂಕವೂ ೨೨.೩, ಆಂಗ್ಲರ ಮೈಯಲ್ಲಿ ಮೇದಸ್ಸು ನೂರಕ್ಕೆ ೯.೧, ನಮ್ಮವರ ಮೈಯಲ್ಲಿ ೨೧.೨! ಸ್ನಾಯು ಕಡಿಮೆಯಿರುವ ಇಂಥ ಮೈಯನ್ನು ಬರಿಯ ಉಪವಾಸಕ್ಕೆ ಹಚ್ಚಿದರೆ, ಇದ್ದ ಸ್ನಾಯುವೂ ಮೇದಸ್ಸಿನೊಡನೆ ಹೋಗುವದು. ಸ್ನಾಯುವೇ ಸಕ್ಕರೆಯನ್ನು ಹೀರಿಕೊಳ್ಳುವ ದೊಡ್ಡ ಸ್ಥಾನವಾದುದರಿಂದ, ಯಾವ ಬೇನೆಗೆ ಹೆದರಿ ಮುಖ್ಯಾಧ್ಯಾಪಕರು ಹಸಿದರೋ ಅದಕ್ಕೇ ಆ ಹಸಿವು ದಾರಿಯನ್ನು ಹಸನುಮಾಡುತ್ತಿತ್ತು. ಅತಿಸ್ಥೂಲನನ್ನೂ ಅತಿಕೃಶನನ್ನೂ ಒಂದೇ ಪಟ್ಟಿಯಲ್ಲಿಟ್ಟು ನಿಂದಿಸಿದ ಚರಕಾಚಾರ್ಯರು ವ್ಯರ್ಥವಾಗಿ ಹಾಗೆ ಮಾಡಲಿಲ್ಲ.

ವೈದ್ಯರು ಉಪವಾಸವನ್ನು ಬಿಡಿಸಿದರು. ಹೆಸರುಕಾಳು, ಮಜ್ಜಿಗೆ, ಮೊಸರು, ಒಂದು ಹಿಡಿ ಶೇಂಗಾ ಮರಳಿ ತಾಟಿಗೆ ಬಂದವು. ಜೋಳದ ರೊಟ್ಟಿಯು ಒಂದರ ಬದಲು ಎರಡಾಯಿತು. ದಿನ ಬಿಟ್ಟು ದಿನ ಬಸ್ಕಿ, ಗೋಡೆಗೆ ಕೈಯೂರಿ ದಂಡ, ನೀರು ತುಂಬಿದ ಎರಡು ಬಕೀಟುಗಳನ್ನು ಹಿಡಿದು ಅಂಗಳವನ್ನು ಸುತ್ತುವದು—ಇಷ್ಟೇ. ಮೊದಲ ಮೂರು ತಿಂಗಳು ಪಟ್ಟಿಯು ಏನನ್ನೂ ಹೇಳಲಿಲ್ಲ, ತೂಕವು ಎರಡು ಕಿಲೋ ಏರಿತು. ಮುಖ್ಯಾಧ್ಯಾಪಕರಿಗೆ ನಿದ್ದೆ ಕೆಟ್ಟಿತು. ವರುಷವು ತುಂಬುವಾಗ ತೂಕ ೬೨, ನಡು ೮೯. ಕರುಳಿನ ಸುತ್ತಲಿನ, ಹೆಚ್ಚು ಕೇಡಿನದಾದ ಮೇದಸ್ಸು ವ್ಯಾಯಾಮಕ್ಕೆ ಮೊದಲು ಮಣಿಯುವದಂತೆ; ಚಿವುಟಿದರೆ ಸಿಗುವ ಹೊರಗಣದು ಹಿಂದುಳಿಯುವದು. ಸಕ್ಕರೆಯು ಎಲ್ಲೆಯ ಈಚೆಗೆ ಬಂದಿದೆ. ಮಡಿಕೆಯು ತೆಳ್ಳಗಾಗಿದೆ, ಹೋಗಿಲ್ಲ.

ಹಳೆಯ ಷರಾಯಿಗಳ ಸೊಂಟವನ್ನು ಕಿರಿದುಮಾಡಿಸಲು ಅವರು ಕಳೆದ ತಿಂಗಳು ಸಿಂಪಿಗನ ಅಂಗಡಿಗೆ ಹೋದರು. ಹೆಚ್ಚಾದ ಬಟ್ಟೆಯನ್ನು ಕತ್ತರಿಸಲೇನ್ರಿ ಎಂದು ಅವನು ಕೇಳಿದನು. ಅವರು ತುಸು ಹೊತ್ತು ಯೋಚಿಸಿ, “ಕತ್ತರಸಬ್ಯಾಡಪಾ, ಒಳಗ ಮಡಚಿ ಹೊಲದುಬಿಡು” ಎಂದರು.