ಹಳೆಯ ಯಂತ್ರಕ್ಕೆ ಹಗುರ ನೊಗ

ಮುದಿ ಎತ್ತಿಗೆ ಹೇರು ಕಡಿಮೆ ಮಾಡಬೇಕೇ ಹೊರತು ಅದನ್ನು ಸಂತೆಗೆ ಹೊಡೆಯಬಾರದೆಂಬುದು ಒಕ್ಕಲು ಮಕ್ಕಳು ಬಲ್ಲ ಮಾತು. ಗಣಕಯಂತ್ರಕ್ಕೂ ಇದು ಸಲ್ಲುತ್ತದೆ.

ಅಪ್ಪ ಕಡಲೆಕಾಯಿ ಮಾರಿದ ಹಣದಲ್ಲಿ ಕೊಡಿಸಿದ ಹಳೆಯ ಲ್ಯಾಪ್‌ಟಾಪು ನನ್ನದು. ರ‍್ಯಾಮು 4 ಜಿಬಿ. ಅದರಲ್ಲಿದ್ದ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ಮುಗಿಯಿತು. 11ನ್ನು ಹಾಕಲು ಯಂತ್ರ ಯೋಗ್ಯವಿರಲಿಲ್ಲ. ಹೊಸದನ್ನು ಕೊಳ್ಳುವುದೆಂದರೆ ಅಪ್ಪನ ಇನ್ನೊಂದು ಬೆಳೆ!

ಆಗ ಲಿನಕ್ಸಿನ ನೆನಪಾಯಿತು. 1991ರಲ್ಲಿ ಅದನ್ನು ಆರಂಭಿಸಿದ ಲೀನಸ್ ಟೋರ್ವಾಲ್ಡ್ಸ್ ಹೆಲ್ಸಿಂಕಿಯ ವಿದ್ಯಾರ್ಥಿ. ಹೆಚ್ಚುಕಡಿಮೆ ನಮ್ಮದೇ ವಯಸ್ಸು. ಅದರ ಹಗುರ ರೂಪಗಳಲ್ಲೊಂದಾದ ಲುಬುಂಟುವನ್ನು ಆರಿಸಿಕೊಂಡೆ. ಮೊದಲು ನನ್ನ ಕಡತಗಳನ್ನು ಬೇರೆಡೆ ನಕಲು ಮಾಡಿಟ್ಟು, ಲುಬುಂಟುವನ್ನು ಪೆನ್‌ಡ್ರೈವಿಗೆ ಬರೆದು, ಅದರಿಂದಲೇ ಯಂತ್ರವನ್ನು ಎಬ್ಬಿಸಿದೆ. ಡಿಸ್ಕನ್ನು ಮುಟ್ಟದೆಯೇ ವೈಫೈ, ಧ್ವನಿ ಎಲ್ಲವನ್ನೂ ಪರೀಕ್ಷಿಸಬಹುದು. ಮನಸ್ಸಿಗೆ ಒಪ್ಪಿದರೆ ಸ್ಥಾಪಿಸಿದರಾಯಿತು. ಬರೆಯಲು ಲಿಬ್ರೆಆಫೀಸ್ ಜೊತೆಗೇ ಬಂದಿತು. ಕನ್ನಡ ಕೀಲಿಮಣೆಯನ್ನು ಸೇರಿಸಿಕೊಂಡೆ. ಬ್ರೌಸರಿನಲ್ಲಿ ಹತ್ತು ಪುಟ ತೆರೆದರೆ ಯಂತ್ರ ಈಗಲೂ ಏದುಸಿರು ಬಿಡುತ್ತದೆ. ನಾಲ್ಕು ಸಾಕೆಂದು ನಮ್ಮಿಬ್ಬರಲ್ಲಿ ಒಪ್ಪಂದವಾಗಿದೆ.

“ಎಷ್ಟಾಯ್ತೋ ಮಗ?” ಎಂದರು ಅಪ್ಪ.

“ಪುಕ್ಕಟೆ, ಅಪ್ಪ.”

“ಪುಕ್ಕಟೆ ಕೊಟ್ಟೋರಿಗೆ ಏನು ಲಾಭ?”

“ಊರಲ್ಲಿ ಮುಯ್ಯಾಳು ಹೋಗ್ತೀವಲ್ಲ, ಹಾಗೆ. ಒಬ್ಬರು ಮಾಡಿದ್ದು ಎಲ್ಲರಿಗೂ.”

“ಹಂಗಾದ್ರೆ ನೀನೂ ಒಂದಿನ ಹೋಗ್ಬೇಕು,” ಎಂದರು.

ಅದಕ್ಕೆಂದೇ ಈ ವಾರ ಹಾಸ್ಟೆಲಿನ ಗೆಳೆಯರಿಬ್ಬರ ಯಂತ್ರಗಳು ನನ್ನ ಮೇಜಿನ ಮೇಲಿವೆ.