ಆರಿಸಿದ ಪರದೆ

ಆಷಾಢದ ಜಿಟಿಜಿಟಿ ಮಳೆ ಹಿಡಿಯಿತೆಂದರೆ ನಮ್ಮ ಮನೆಯ ಸಂಜೆಯ ಕ್ರಮವೇ ಎರಡು ವಾರ ಬದಲಾಗುತ್ತದೆ. ಊಟ ಎಂಟು ಗಂಟೆಯೊಳಗೆ ಮುಗಿಯಬೇಕು, ಬಂದವರು ಬೇಗ ಏಳಬೇಕು, ಆಮೇಲೆ ಟಿ.ವಿ.ಯ ಮುಂದೆ ನನ್ನ ಕುರ್ಚಿ ಬೀಳಬೇಕು. ಲಂಡನ್ನಿನ ವಿಂಬಲ್ಡನ್‌ನಲ್ಲಿ 1877ರಲ್ಲಿ ಮೊದಲಾದ ಟೆನ್ನಿಸ್ ಪಂದ್ಯಾವಳಿಯ ಕಾಲವದು. ವ್ಯಾಕರಣ, ತರ್ಕಗಳನ್ನು ಓದಿ, ಓದಿಸಿ ನಿವೃತ್ತನಾದ ಮನುಷ್ಯನಿಗೆ ಈ ಚೆಂಡಿನಾಟದ ಹುಚ್ಚು ಎಲ್ಲಿಂದ ಹತ್ತಿತೆಂದು ವಾಚಕರು ಕೇಳಬಹುದು. ಮಠದ ಪ್ರಸಾದನಿಲಯದಲ್ಲಿದ್ದು ಓದುತ್ತಿದ್ದ ದಿನಗಳಲ್ಲಿ ನಮ್ಮ ಹಿತ್ತಿಲಿಗೆ ಹೊಂದಿ ಅಧಿಕಾರಿಗಳ ಕ್ಲಬ್ಬೊಂದಿತ್ತು. ಅಲ್ಲೊಂದು ಕೆಮ್ಮಣ್ಣಿನ ಅಂಗಳ. ಬೇಲಿ ದಾಟಿ ಬಂದ ಚೆಂಡುಗಳನ್ನು ಹೆಕ್ಕಿ ಕೊಡುವುದು ನಾವು ಹುಡುಗರು ತಾವಾಗಿಯೇ ವಹಿಸಿಕೊಂಡ ಕಾಯಕವಾಗಿತ್ತು. ಮುಂದೆ 1985ರಲ್ಲಿ ಹದಿನೇಳು ವರ್ಷದ ಬೋರಿಸ್ ಬೆಕರ್ ವಿಂಬಲ್ಡನ್ ಗೆದ್ದ ಮೇಲೆ ಆ ಹುಚ್ಚು ಬಿಡದಂತೆ ಹಿಡಿಯಿತು.

2025ರ ಪಂದ್ಯಾವಳಿಯನ್ನು ಕುರಿತು ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಆ ವರ್ಷ ಪುರುಷರ ಪ್ರಶಸ್ತಿಗೆ ಮೂವರ ಹೆಸರು ಎಲ್ಲರ ಬಾಯಲ್ಲಿತ್ತು. ಹಿಂದಿನ ಎರಡು ವರ್ಷವೂ ಗೆದ್ದಿದ್ದ ಸ್ಪೇನಿನ ಕಾರ್ಲೋಸ್ ಅಲ್ಕರಾಜ್. ಇಟಲಿಯ ಯಾನಿಕ್ ಸಿನ್ನರ್. ಮೂವತ್ತೆಂಟು ತುಂಬಿದ್ದ ಸರ್ಬಿಯದ ನೊವಾಕ್ ಜೊಕೊವಿಚ್. ನನ್ನ ಮನಸ್ಸು ಯಾರ ಕಡೆಗಿತ್ತೆಂದು ನನ್ನ ವಯಸ್ಸೇ ಹೇಳುತ್ತದೆ. ಜೊಕೊವಿಚ್ ಅಷ್ಟರಲ್ಲಿ ವಿಂಬಲ್ಡನ್ನನ್ನು ಏಳು ಸಲ ಗೆದ್ದಿದ್ದ. ಇನ್ನೊಂದು ಗೆದ್ದರೆ ರೋಜರ್ ಫೆಡರರನ ಎಂಟಕ್ಕೆ ಸಮ. ನಮ್ಮ ಕೊಡಗಿನ ರೋಹನ್ ಬೋಪಣ್ಣ 2024ರಲ್ಲಿ ನಾಲ್ವತ್ತಮೂರನೆಯ ವಯಸ್ಸಿನಲ್ಲಿ ಆಸ್ಟ್ರೇಲಿಯದ ಡಬಲ್ಸ್ ಪ್ರಶಸ್ತಿ ಗೆದ್ದುದನ್ನು ಕಂಡಿದ್ದ ನನಗೆ ಇದೇನೂ ಆಗದ ಮಾತೆನಿಸಿರಲಿಲ್ಲ. ಆದರೆ ಡಬಲ್ಸ್‌ನಲ್ಲಿ ಅರ್ಧ ಅಂಗಳ ಕಾಯಲು ಜೊತೆಗಾರನಿರುತ್ತಾನೆ. ಉಪಾಂತ್ಯದಲ್ಲಿ ಸಿನ್ನರ್ 6-3, 6-3, 6-4ರಿಂದ ಜೊಕೊವಿಚ್‌ನನ್ನು ಸೋಲಿಸಿದಾಗ, ಬರುವ ಚೆಂಡು ಮುದುಕನಿಗೂ ಕಾಣುತ್ತದೆ, ಕಾಲು ಮಾತ್ರ ಅಲ್ಲಿಗೆ ಹೊತ್ತಿಗೆ ಸರಿಯಾಗಿ ಮುಟ್ಟುವುದಿಲ್ಲ ಎಂಬುದು ಅರಿವಾಯಿತು. ಮೊಣಕಾಲು ನೋವಿನ ಗೃಹಸ್ಥರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸಿನ್ನರನ ಕಥೆ ಬೇರೆ. ಆಲ್ಪ್ಸ್ ಪರ್ವತದ ಮಡಿಲಿನ ಹಳ್ಳಿಯವನು. ತಂದೆ ಬೆಟ್ಟದ ವಸತಿಗೃಹವೊಂದರಲ್ಲಿ ಅಡುಗೆ ಮಾಡುತ್ತಿದ್ದವರು, ತಾಯಿ ಅಲ್ಲಿಯೇ ಬಡಿಸುತ್ತಿದ್ದವರು. ಜೂನ್ 8ರಂದು ಪ್ಯಾರಿಸ್ಸಿನ ಅಂತಿಮ ಪಂದ್ಯದಲ್ಲಿ ಅಲ್ಕರಾಜ್‌ನ ಎದುರು ಮೊದಲ ಎರಡು ಸೆಟ್ ಗೆದ್ದಿದ್ದ. ನಾಲ್ಕನೆಯ ಸೆಟ್ಟಿನಲ್ಲಿ ಒಂದೇ ಒಂದು ಅಂಕ ಗಳಿಸಿದರೆ ಪ್ರಶಸ್ತಿ ಕೈಗೆ ಬರುತ್ತಿತ್ತು. ಅಂಥ ಅವಕಾಶ ಒಂದಾದ ಮೇಲೊಂದರಂತೆ ಮೂರು ಬಂದವು, ಮೂರೂ ಜಾರಿದವು. ಐದು ಗಂಟೆ ಇಪ್ಪತ್ತೊಂಬತ್ತು ನಿಮಿಷ ಆಡಿ ಸೋತ. ನಾನು ನಡುರಾತ್ರಿಯವರೆಗೆ ಕುಳಿತು ನೋಡಿದೆ, ನಿದ್ದೆ ಬರಲಿಲ್ಲ. ಈ ಹುಡುಗ ಇನ್ನು ಒಂದು ವರ್ಷ ಮೇಲೇಳಲಾರನೆಂದು ಮಾರನೆಯ ದಿನ ವಾಯುವಿಹಾರದ ಗೆಳೆಯರ ಮುಂದೆ ಗಂಭೀರವಾಗಿ ಭವಿಷ್ಯ ನುಡಿದೆ. ಮೂವತ್ತೈದು ದಿನಗಳಲ್ಲಿ, ಜುಲೈ 13ರಂದು, ಅದೇ ಅಲ್ಕರಾಜ್‌ನನ್ನು 4-6, 6-4, 6-4, 6-4ರಿಂದ ಸೋಲಿಸಿ ಸಿನ್ನರ್ ವಿಂಬಲ್ಡನ್ ಗೆದ್ದ. ಇಟಲಿಯವರೊಬ್ಬರು ಅಲ್ಲಿ ಸಿಂಗಲ್ಸ್ ಪ್ರಶಸ್ತಿ ಗೆದ್ದುದು ಅದೇ ಮೊದಲು. ಗೆಳೆಯರು ಈಗಲೂ ನನ್ನನ್ನು ಜ್ಯೋತಿಷಿಗಳೇ ಎಂದು ಕರೆಯುತ್ತಾರೆ.

ಆದರೆ ಆ ಗೆಲುವಿನ ದಾರಿಯಲ್ಲಿ ಇನ್ನೊಬ್ಬ ಕುಸಿದಿದ್ದ. ನಾಲ್ಕನೆಯ ಸುತ್ತಿನಲ್ಲಿ ಬಲ್ಗೇರಿಯದ ಗ್ರಿಗೋರ್ ಡಿಮಿಟ್ರೋವ್ ಸಿನ್ನರನ ಮೇಲೆ 6-3, 7-5ರಿಂದ ಎರಡು ಸೆಟ್ ಗೆದ್ದು ಮೂರನೆಯದರಲ್ಲಿ 2-2 ಸಮನಿದ್ದಾಗ ಎದೆಯ ಸ್ನಾಯು ನೊಂದು ನೆಲಕ್ಕೆ ಒರಗಿದ. ದೊಡ್ಡ ಪಂದ್ಯಾವಳಿಗಳಲ್ಲಿ ಹೀಗೆ ನಡುವೆಯೇ ಆಟ ಬಿಡಬೇಕಾಗಿ ಬಂದುದು ಅವನಿಗೆ ಸತತ ಐದನೆಯ ಸಲ. ಸಿನ್ನರ್ ಬಲೆಯ ಆಚೆಗೆ ಹೋಗಿ ಅವನನ್ನು ಸಂತೈಸಿದ. ಇದನ್ನು ಗೆಲುವೆಂದು ತಾನು ಎಣಿಸುವುದಿಲ್ಲವೆಂದೂ ಹೇಳಿದ. ಕಪ್ಪಿನ ಮೇಲೆ ಡಿಮಿಟ್ರೋವನ ಹೆಸರಿಲ್ಲ. ನನ್ನ ಲೆಕ್ಕದ ಪುಸ್ತಕದಲ್ಲಿ ಮಾತ್ರ ಆ ವರ್ಷದ ವಿಂಬಲ್ಡನ್ ಪುಟದಲ್ಲಿ ಅವನ ಹೆಸರನ್ನೂ ಬರೆದಿಟ್ಟಿದ್ದೇನೆ.

ಇಷ್ಟು ಪೀಠಿಕೆಯಾಯಿತು. ನಾನು ಹೇಳಬೇಕಾದದ್ದು ಜುಲೈ 12ರ ಶನಿವಾರದ ಮಾತು.

ಅಂದು ಮಹಿಳೆಯರ ಅಂತಿಮ ಪಂದ್ಯ. ಪೋಲೆಂಡಿನ ಇಗಾ ಶ್ವಾಂಟೆಕ್ ಒಂದು ಕಡೆ. ಇನ್ನೊಂದು ಕಡೆ ಇಪ್ಪತ್ತಮೂರು ವರ್ಷದ ಅಮೆರಿಕದ ಅಮಂಡಾ ಅನಿಸಿಮೋವಾ. ಈಕೆ 2019ರಲ್ಲಿ ತಂದೆಯನ್ನು ಕಳೆದುಕೊಂಡವಳು. ಮನಸ್ಸು ದಣಿದು 2023ರಲ್ಲಿ ಆಟವನ್ನೇ ಬಿಟ್ಟು ಕೆಲವು ತಿಂಗಳು ಮನೆಯಲ್ಲಿದ್ದವಳು. 2024ರ ವಿಂಬಲ್ಡನ್‌ನಲ್ಲಿ ಮುಖ್ಯ ಸುತ್ತಿಗೂ ಅರ್ಹತೆ ದೊರೆಯದೆ ಹಿಂದಿರುಗಿದವಳು. ಒಂದು ವರ್ಷದಲ್ಲಿ ಅಗ್ರ ಶ್ರೇಯಾಂಕದ ಸಬಲೆಂಕಾಳನ್ನು ಉಪಾಂತ್ಯದಲ್ಲಿ ಸೋಲಿಸಿ ಇಲ್ಲಿಯವರೆಗೆ ಬಂದಿದ್ದಳು. ನಮ್ಮ ಮನೆಯವರೂ ಆ ದಿನ ಕೆಲಸ ಮುಗಿಸಿ ಬಂದು ಕುಳಿತರು.

ಮೊದಲ ಸೆಟ್ 6-0. ಚೆಂಡು ಬಲೆಗೆ, ಗೆರೆಯಾಚೆಗೆ, ಮತ್ತೆ ಬಲೆಗೆ. ಎರಡನೆಯ ಸೆಟ್ಟಿನಲ್ಲಿಯೂ ಅದೇ ಗತಿ. ಅಷ್ಟು ಸಾವಿರ ಜನರ ನಡುವೆ ಒಬ್ಬಳೇ ನಿಂತ ಆ ಹುಡುಗಿಯ ಮುಖ ನೋಡಲಾರದೆ ನಾನು ಎದ್ದು ಟಿ.ವಿ. ಆರಿಸಿದೆ.

"ಆಕಿ ನಿಂತು ಆಡಾಕ ಹತ್ಯಾಳ, ನಿಮಗ ಕುಂತು ನೋಡಾಕ ಆಗವಲ್ದೇನ್ರಿ?" ಎಂದರು ಮನೆಯವರು. ಸಿಟ್ಟಿನಿಂದ ಅಂದ ಮಾತಲ್ಲ. ಆದರೆ ಅದು ನಾಟಿತು. ಏಕೆಂದರೆ ನನ್ನ ಒಂದು ಹಳೆಯ ಕಥೆ ಅವರಿಗೆ ಗೊತ್ತು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಪರಸ್ಥಳದ ಪಾಠಶಾಲೆಯೊಂದರಲ್ಲಿ ವಾಕ್ಯಾರ್ಥ ಸ್ಪರ್ಧೆಗೆ ಹೋಗಿದ್ದೆ. ಗೆದ್ದೇ ಬರುವೆನೆಂಬ ಗರ್ವವಿತ್ತು. ನನಗಿಂತ ಎರಡು ವರ್ಷ ಕಿರಿಯನೊಬ್ಬ ಎರಡನೆಯ ಪ್ರಶ್ನೆಗೇ ನನ್ನ ಬಾಯಿ ಕಟ್ಟಿಸಿದ. ಸಂಜೆ ಬಹುಮಾನ ವಿತರಣೆ ಇತ್ತು, ಎರಡನೆಯವನಾದ ನನಗೂ ಒಂದು ಶಾಲು ಇತ್ತು. ನಾನು ಚೀಲ ಹೆಗಲಿಗೇರಿಸಿ ಹಿಂಬಾಗಿಲಿನಿಂದ ಬಸ್ ನಿಲ್ದಾಣಕ್ಕೆ ಹೋದೆ. ವೇದಿಕೆಯ ಮೇಲೆ ನನ್ನ ಹೆಸರನ್ನು ಮೂರು ಸಲ ಕರೆದರಂತೆ. ಶಾಲನ್ನು ನಮ್ಮ ಗುರುಗಳೇ ತಂದುಕೊಟ್ಟರು. ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೇನೋ.

ಮತ್ತೆ ಟಿ.ವಿ. ಹಾಕುವ ಹೊತ್ತಿಗೆ ಎಲ್ಲ ಮುಗಿದಿತ್ತು. 6-0, 6-0, ಐವತ್ತೇಳು ನಿಮಿಷ. 1911ರ ಬಳಿಕ ಅಲ್ಲಿ ಮಹಿಳೆಯರ ಅಂತಿಮ ಪಂದ್ಯ ಹೀಗೆ ಮುಗಿದಿರಲಿಲ್ಲ. ವಿಂಬಲ್ಡನ್ನಿನಲ್ಲಿ ಸೋತವರೂ ಬೆಳ್ಳಿಯ ತಟ್ಟೆ ಹಿಡಿದು ಜನರೆದುರು ನಾಲ್ಕು ಮಾತಾಡಬೇಕು. ಅನಿಸಿಮೋವಾ ಓಡಿಹೋಗಲಿಲ್ಲ. ಅಳುತ್ತಲೇ ಗೆದ್ದವಳನ್ನು ಹೊಗಳಿದಳು. ಅಂದು ಬೆಳಿಗ್ಗೆಯಷ್ಟೇ ವಿಮಾನದಲ್ಲಿ ಬಂದಿಳಿದಿದ್ದ ತಾಯಿಯನ್ನು ನೆನೆದಳು. ಮಗಳ ಆಟ ನೋಡಿದರೆ ಅಪಶಕುನವೆಂದು ಆ ತಾಯಿ ಬರುತ್ತಿರಲಿಲ್ಲವಂತೆ. ತಾಯಂದಿರು ಎಲ್ಲ ದೇಶದಲ್ಲಿಯೂ ಒಂದೇ.

ಮುಂದಿನದನ್ನು ಸೆಪ್ಟೆಂಬರಿನಲ್ಲಿ ಕಂಡೆ. ಅಮೆರಿಕದ ಪಂದ್ಯಾವಳಿಯ ಎಂಟರ ಘಟ್ಟದಲ್ಲಿ ಇಬ್ಬರೂ ಮತ್ತೆ ಎದುರಾದರು. ಅನಿಸಿಮೋವಾ 6-4, 6-3ರಿಂದ ಗೆದ್ದಳು. ಅಂತಿಮ ಪಂದ್ಯಕ್ಕೂ ಹೋದಳು. ಅಲ್ಲಿ ಸಬಲೆಂಕಾಳಿಗೆ ಸೋತಳೆನ್ನುವುದು ಬೇರೆ ಮಾತು. ನನ್ನನ್ನು ಎಬ್ಬಿಸಿ ಕೂರಿಸಿದ ಸಂಗತಿಯೆಂದರೆ, ಶ್ವಾಂಟೆಕ್ ಎದುರಿನ ಆ ಪಂದ್ಯಕ್ಕೆ ಮುನ್ನ ಆಕೆ ವಿಂಬಲ್ಡನ್ನಿನ ಸೋಲಿನ ಚಿತ್ರಿಕೆಯನ್ನು ತಾನೇ ಹಾಕಿಕೊಂಡು ನೋಡಿದ್ದಳು. ನೋಡುವುದು ನೋವಿನದಾಗಿತ್ತೆಂದೂ ಹೇಳಿದಳು. ಸೋತವಳೇ ನೋಡಿದುದನ್ನು, ಸಾವಿರಾರು ಮೈಲಿಯಾಚೆ ಆರಾಮ ಕುರ್ಚಿಯಲ್ಲಿ ಕುಳಿತವನು ನೋಡದೆ ಎದ್ದಿದ್ದ.

ಮೊಮ್ಮಗನನ್ನು ಕರೆದು ಮೊಬೈಲಿನಲ್ಲಿ ಆ ಪಂದ್ಯವನ್ನು ಹುಡುಕಿಸಿದೆ. "ಅಜ್ಜಾ, ಇದರಾಗ ನೋಡೂದು ಏನೈತಿ? ಎಲ್ಲಾ ಸೊನ್ನೀನ" ಎಂದ. ಇರಲಿ ಹಚ್ಚು ಎಂದೆ. ಮನೆಯವರು ಬೆಳ್ಳುಳ್ಳಿ ಸುಲಿಯುವ ತಟ್ಟೆ ಹಿಡಿದು ಬಂದು ಪಕ್ಕದಲ್ಲಿ ಕುಳಿತರು. ಈ ಸಲ ಬೆಳ್ಳಿಯ ತಟ್ಟೆ ಅವಳ ಕೈಗೆ ಬರುವವರೆಗೂ ನಾನು ಏಳಲಿಲ್ಲ.